ಸೀಮಂತದ ತಟ್ಟೆಗೆ ರಾಗಿ ಗಿಳಿ

ಸೀಮಂತದ ಮನೆಗೆ ಹೋದವರ ಕಣ್ಣು ಮೊದಲು ಬೀಳುವುದು ಬಸುರಿಯ ಮೇಲಲ್ಲ, ಅವಳ ಮುಂದೆ ಸಾಲಾಗಿ ಜೋಡಿಸಿಟ್ಟ ತಟ್ಟೆಗಳ ಮೇಲೆ. ಎಷ್ಟು ತಟ್ಟೆ, ಏನೇನು ತಿಂಡಿ, ಯಾರ ಕೈಕೆಲಸ ಎಂದೆಲ್ಲ ಲೆಕ್ಕ ಹಾಕಿದ ಮೇಲೆಯೇ ಹಸಿರು ಸೀರೆ, ಹಸಿರು ಬಳೆಯ ಹುಡುಗಿಯ ಕಡೆ ನೋಟ. ಒಂಬತ್ತು ತಟ್ಟೆಯಿದ್ದರೆ ಪರವಾಗಿಲ್ಲ, ಹನ್ನೊಂದಿದ್ದರೆ ಚೆನ್ನ, ಇಪ್ಪತ್ತೊಂದಿದ್ದರೆ ಊರಿಗೆಲ್ಲ ಒಂದು ತಿಂಗಳ ಮಾತು!

ನಮ್ಮ ಸೀಮೆಯಲ್ಲಿ ತಟ್ಟೆ ನೋಡಿ ಊರು ಹೇಳಬಹುದಿತ್ತು. ತೆಂಗಿನ ತೋಟಗಳ ಹೊಸದುರ್ಗದ ಕಡೆಯವರಾದರೆ ಹೂವಿನಂತೆ ಕೆತ್ತಿದ ಕೊಬ್ಬರಿ ಬಟ್ಟಲು. ಹೊಳಲ್ಕೆರೆಯ ಬೀಗರಾದರೆ ತೋಟದ ಅಡಿಕೆ, ವೀಳ್ಯದೆಲೆ ಮುಂದೆ. ವಾಣಿವಿಲಾಸ ಸಾಗರದ ನಾಲೆಯ ನೀರಿಗೆ ಕಬ್ಬು ಬೆಳೆದು, ಒಂದು ಕಾಲಕ್ಕೆ ಸಕ್ಕರೆ ಕಾರ್ಖಾನೆಯನ್ನೂ ನಡೆಸಿದ ಹಿರಿಯೂರಿನವರಿಗೆ ಸಿಹಿಯೇ ಮೇಲು. ಚಿತ್ರದುರ್ಗದ ಪೇಟೆಯವರು ಬೇಕರಿಯಿಂದ ಕೇಕು ತರಿಸಿ ಎಲ್ಲರನ್ನೂ ಸೋಲಿಸುತ್ತಿದ್ದರು. ಈಗ ಎಲ್ಲ ಊರುಗಳಲ್ಲೂ ಎಲ್ಲ ತಿಂಡಿಯೂ ಸಿಗುತ್ತದೆ. ಬಣ್ಣಬಣ್ಣದ ಸಕ್ಕರೆಯಲ್ಲಿ ತೊಟ್ಟಿಲು, ಪುಟ್ಟ ಅಂಗಿ, ಕಾಲುಚೀಲ ಬರೆದ ಬಿಸ್ಕತ್ತುಗಳೂ ತಟ್ಟೆ ಏರಿವೆ.

ನಮ್ಮ ತವರಿನಲ್ಲಿ ಈ ಅಲಂಕಾರದ ಕೆಲಸ ಸಕ್ಕರೆ ಅಚ್ಚಿನದು. ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆ ಹಂಚುವ ಅಚ್ಚನ್ನೇ ಸೀಮಂತಕ್ಕೂ ಮಾಡುವುದು ಅಮ್ಮನ ರೂಢಿ. ಗಿಳಿ, ಆನೆ, ತೇರು ಕೆತ್ತಿದ ಮರದ ಅಚ್ಚುಗಳು ಅವಳ ಅತ್ತೆಯ ಕಾಲದವು. ಸಕ್ಕರೆಗೆ ಮುಳುಗುವಷ್ಟು ನೀರು ಹಾಕಿ ಕಾಯಿಸಿ, ಒಂದಿಷ್ಟು ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಸೋಸಿ, ಪಾಕವನ್ನು ಮತ್ತೆ ಸ್ವಲ್ಪ ಸ್ವಲ್ಪವೇ ಕಾಯಿಸಿ, ಬೆಳ್ಳಗಾಗುವ ತನಕ ತಿರುವಿ, ನೀರಿನಲ್ಲಿ ನೆನೆಸಿಟ್ಟ ಅಚ್ಚಿಗೆ ಸುರಿಯಬೇಕು. ಸ್ವಲ್ಪ ಹೊತ್ತಿನಲ್ಲೇ ಗಟ್ಟಿಯಾದ ಬಿಳಿ ಗಿಳಿ ಹೊರಬರುತ್ತದೆ.

ಇದರಲ್ಲಿ ಒಂದು ರಸಾಯನಶಾಸ್ತ್ರದ ಪಾಠವೇ ಇದೆ. ಇಪ್ಪತ್ತು ಡಿಗ್ರಿ ಉಷ್ಣತೆಯ 100 ಗ್ರಾಂ ನೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ನೂರು ಡಿಗ್ರಿಗೆ ಬಂದಾಗ ಅದೇ ನೀರು 480 ಗ್ರಾಂಗೂ ಹೆಚ್ಚು ಸಕ್ಕರೆ ಕರಗಿಸಿಕೊಳ್ಳುತ್ತದೆ. ಪಾಕ ಆರುತ್ತ ಬಂದಂತೆ ಹೆಚ್ಚಾದ ಸಕ್ಕರೆ ಹರಳುಗಟ್ಟಲೇಬೇಕು. ತಿರುವುತ್ತಿದ್ದರೆ ಹರಳು ಸಣ್ಣದಾಗಿ, ಅಚ್ಚು ನುಣ್ಣಗೆ ಬರುತ್ತದೆ. ಜಾಮೂನಿನ ಪಾಕಕ್ಕೆ ನಿಂಬೆರಸ ಹಿಂಡುವವರು ಅಚ್ಚಿನ ಪಾಕಕ್ಕೆ ಹಿಂಡುವುದಿಲ್ಲ. ಹುಳಿ ಸಕ್ಕರೆಯನ್ನು ಒಡೆದು ಹರಳಾಗದಂತೆ ತಡೆಯುತ್ತದೆ. ಅಮ್ಮನಿಗೆ ಇದರ ಸೂತ್ರ ತಿಳಿಯದು, ಆದರೆ ಕೈ ತಪ್ಪದು.

ಕಳೆದ ವರ್ಷ ಹೊಸದುರ್ಗದಲ್ಲಿ ಅಣ್ಣನ ಮಗಳ ಸೀಮಂತ. ಹೊಳಲ್ಕೆರೆಗೆ ಕೊಟ್ಟ ಹುಡುಗಿ, ಚೊಚ್ಚಲ ಬಸುರಿ. ಎರಡು ಕಿಲೋ ಸಕ್ಕರೆ ತಂದಿಟ್ಟು, ಅಚ್ಚುಗಳನ್ನು ಅಟ್ಟದಿಂದ ಇಳಿಸಿಯೂ ಆಗಿತ್ತು. ಹತ್ತು ದಿನ ಇದೆ ಎನ್ನುವಾಗ ದುರ್ಗದ ಆಸ್ಪತ್ರೆಯೊಂದರಲ್ಲಿ ಮಾಡಿಸಿದ ಪರೀಕ್ಷೆಯ ಚೀಟಿ ಬಂತು. 75 ಗ್ರಾಂ ಗ್ಲುಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡುವ ಪರೀಕ್ಷೆ ಅದು. ನಮ್ಮ ದೇಶದ ಮಾರ್ಗಸೂಚಿಯಂತೆ ಬಸುರಿ ಮೊದಲ ಸಲ ತಪಾಸಣೆಗೆ ಬಂದಾಗ ಒಮ್ಮೆ, ಮತ್ತೆ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಇದನ್ನು ಮಾಡಬೇಕು. 140 ಮುಟ್ಟಿದರೆ ಅದು ಬಸುರಿನ ಸಕ್ಕರೆ ಕಾಯಿಲೆ. ನಮ್ಮ ಹುಡುಗಿಯದು 156 ಇತ್ತು.

ಮಗುವಿಗೆ ಆಹಾರ ಮುಟ್ಟಿಸುವ ಮಾಸಿನಿಂದಲೇ ಕೆಲವು ಹಾರ್ಮೋನುಗಳು ಹೊರಟು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಕೆಲವರ ದೇಹ ಅದನ್ನು ಸರಿದೂಗಿಸಿಕೊಳ್ಳುತ್ತದೆ, ಕೆಲವರದು ಸೋಲುತ್ತದೆ. ಹಾಗೆಯೇ ಬಿಟ್ಟರೆ ಮಗು ಅತಿಯಾಗಿ ಬೆಳೆದು ಹೆರಿಗೆ ಕಷ್ಟವಾಗಬಹುದು. ಹುಟ್ಟಿದ ಕೂಡಲೇ ಮಗುವಿನ ಸಕ್ಕರೆ ಕುಸಿಯಬಹುದು. ಊಟ ಬದಲಿಸಿ, ದಿನಾ ನಡೆದು, ಎರಡು ವಾರ ಬಿಟ್ಟು ಬನ್ನಿ ಎಂದು ಡಾಕ್ಟರು ಕಳಿಸಿದ್ದರು.

ಅತ್ತಿಗೆಗೆ ಕಾಯಿಲೆಗಿಂತ ಬೀಗರ ಭಯ ಹೆಚ್ಚು. “ಬಸುರಿಗೆ ಸಕ್ಕರೆ ಕಾಯಿಲೆ ಅಂದ್ರೆ ಹೊಳಲ್ಕೆರೆಯೋರು ಏನಂದಾರು? ಒಂದಿನದ ಮಾತು, ಶಾಸ್ತ್ರ ಮುಗಿದುಹೋಗ್ಲಿ. ಆಮೇಲೆ ಪಥ್ಯ ಮಾಡ್ಲಿ,” ಎಂದು ಕಣ್ಣೀರು ಹಾಕಿದಳು. ಒಂದು ದಿನದಲ್ಲಿ ಏನಾದೀತು ಎಂದು ನಮಗೂ ಅನ್ನಿಸಿದ್ದು ಸುಳ್ಳಲ್ಲ. ಆಗ ಬಾಯಿ ಹಾಕಿದ್ದು ಎರಡನೇ ಪಿಯುಸಿ ಓದುತ್ತಿದ್ದ ನನ್ನ ಮಗ. “ಆರತಿಗೆ ನಲವತ್ತು ಜನ ಬರ್ತಾರೆ ಅಂದ್ರಿ. ಒಬ್ಬೊಬ್ರು ಐದು ಗ್ರಾಂ ಸಿಹಿ ಬಾಯಿಗೆ ಹಾಕಿದ್ರೂ ಇನ್ನೂರು ಗ್ರಾಂ. ಆಸ್ಪತ್ರೇಲಿ ಎಪ್ಪತ್ತೈದು ಗ್ರಾಂ ಕುಡಿಸಿದ್ದಕ್ಕೇ ಅಕ್ಕನಿಗೆ ಹೀಗಾಯ್ತಲ್ಲ?” ಮನೆಯೆಲ್ಲ ಸುಮ್ಮನಾಯಿತು. ಹುಡುಗರು ಲೆಕ್ಕದಲ್ಲಿ ದಡ್ಡರೆಂದು ಬೈಯುವ ನಾವು, ಅವರು ಸರಿಯಾದ ಲೆಕ್ಕ ಹೇಳಿದಾಗ ಕಿವಿಗೊಡಬೇಕಲ್ಲ!

ಸಕ್ಕರೆ ಗಿಳಿಯ ಬದಲು ರಾಗಿ ಬಿಸ್ಕತ್ತಿನ ಗಿಳಿ ಮಾಡೋಣ ಎಂದವನೂ ಅವನೇ. ಹುರಿದ ರಾಗಿ ಹಿಟ್ಟು ಎರಡು ಲೋಟ, ಗೋಧಿ ಹಿಟ್ಟು ಒಂದು ಲೋಟ, ಹುರಿದ ಕಡಲೆಕಾಯಿ ಪುಡಿ ಅರ್ಧ ಲೋಟ, ಬೆಲ್ಲದ ಪುಡಿ ಅರ್ಧ ಲೋಟ, ಬೆಣ್ಣೆ ಮುಕ್ಕಾಲು ಲೋಟ, ಕಲಸಲು ಹಾಲು. ಬರೀ ರಾಗಿಯಾದರೆ ಬಿರುಕು ಬಿಡುತ್ತದೆ. ಗೋಧಿಯಲ್ಲಿರುವ ಜಿಗುಟು ರಾಗಿಯಲ್ಲಿಲ್ಲ. ಮೊದಲ ಸಲ ಸೋಡಾ ಹಾಕಿದ್ದರಿಂದ ಗಿಳಿಗಳೆಲ್ಲ ಉಬ್ಬಿ, ಕೊಕ್ಕು ಮಾಯವಾಗಿ, ಕೋಳಿಮರಿಗಳಾದವು. ಸೋಡಾ ಬಿಟ್ಟು, ಹಿಟ್ಟನ್ನು ಫ್ರಿಜ್ಜಿನಲ್ಲಿ ಗಟ್ಟಿಮಾಡಿ, ಅಚ್ಚಿನ ಒಂದು ಹೋಳಿಗೆ ಮಾತ್ರ ಒಣಹಿಟ್ಟು ಉದುರಿಸಿ ಒತ್ತಿದಾಗ ರೆಕ್ಕೆಯ ಗೆರೆಗಳೂ ಮೂಡಿದವು. ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನ ಗ್ಯಾಸ್ಕೆಟ್, ವೇಯ್ಟ್ ತೆಗೆದು, ತಳಕ್ಕೆ ಉಪ್ಪು ಹರಡಿ, ಹತ್ತು ನಿಮಿಷ ಕಾಯಿಸಿ, ಮೇಲೊಂದು ತಟ್ಟೆಯಿಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿದೆವು. ಒಂದು ಸಲಕ್ಕೆ ಆರು. ನಲವತ್ತಾಗುವ ಹೊತ್ತಿಗೆ ರಾತ್ರಿ ಹನ್ನೊಂದು.

ಅಲಂಕಾರಕ್ಕೆ ಬಣ್ಣದ ಸಕ್ಕರೆ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು. ಬೇಯಿಸುವ ಮೊದಲೇ ರೆಕ್ಕೆಗೆ ಹಸಿರು ಕುಂಬಳ ಬೀಜ, ಆನೆಯ ಜೂಲಿಗೆ ಗಸಗಸೆ, ತೇರಿನ ಗಾಲಿಗೆ ಬಾದಾಮಿ ಚೂರು ಒತ್ತಿದೆವು. ಕಣ್ಣಿಗೆ ಮಗ ಕರಿ ಎಳ್ಳು ತೆಗೆದ ಕೂಡಲೇ ಅಮ್ಮ, “ಶುಭಕಾರ್ಯಕ್ಕೆ ಕರಿ ಎಳ್ಳೇನೋ?” ಎಂದು ಕೈ ತಡೆದಳು. ಏಲಕ್ಕಿ ಬಿಡಿಸಿ ಅದರ ಕಪ್ಪು ಬೀಜವನ್ನು ತಾನೇ ಇಟ್ಟಳು. ಗಿಳಿಗೆ ಜೀವ ಬಂತು, ಪರಿಮಳವೂ ಬಂತು.

ರಾಗಿ, ಬೆಲ್ಲ ಎಂದರೆ ಎಷ್ಟು ಬೇಕಾದರೂ ತಿನ್ನಬಹುದು ಎಂದು ಯಾರೂ ತಿಳಿಯಬಾರದು. ಬೆಲ್ಲವೂ ಸಕ್ಕರೆಯೇ, ರಾಗಿ ಹಿಟ್ಟೂ ಹೊಟ್ಟೆಯಲ್ಲಿ ಗ್ಲುಕೋಸೇ ಆಗುತ್ತದೆ. ಒಂದು ಬಿಸ್ಕತ್ತಿಗೆ ಬೆಲ್ಲ ಸುಮಾರು ಎರಡೇ ಗ್ರಾಂ ಎನ್ನುವುದಷ್ಟೇ ಸಮಾಧಾನ. ದಿನಕ್ಕೆ ಒಂದೋ ಎರಡೋ, ಅದೂ ಊಟದ ಲೆಕ್ಕಕ್ಕೆ ಸೇರಿಸಿಕೊಂಡು ಎಂದು ಡಾಕ್ಟರರನ್ನೇ ಕೇಳಿಕೊಂಡೆವು.

ಸೀಮಂತದ ದಿನ ತಟ್ಟೆಯ ಮುಂದೆ ನಿಂತವರೆಲ್ಲ ಗಿಳಿ ನೋಡಿ ಮೆಚ್ಚಿದವರೇ. ಆದರೆ ಬಂದವರ ಕೈಯಲ್ಲೂ ಸಿಹಿಯಿತ್ತು. ಮೊದಲ ಲಾಡು ಬಾಯಿಯ ಹತ್ತಿರ ಬಂದಾಗ ಹುಡುಗಿ ತನ್ನ ಅತ್ತೆಯ ಕಡೆ ತಿರುಗಿ, “ಅತ್ತೇ, ನನಗೆ ಸಕ್ಕರೆ ಜಾಸ್ತಿ ಬಂದಿದೆ. ಡಾಕ್ಟರು ಸಿಹಿ ಬೇಡ ಅಂದಿದ್ದಾರೆ,” ಎಂದುಬಿಟ್ಟಳು. ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಹೊಳಲ್ಕೆರೆಯ ಬೀಗಿತ್ತಿ ಒಂದು ಕ್ಷಣ ಸುಮ್ಮನಿದ್ದು, “ಅದಕ್ಯಾಕವ್ವ ಅಷ್ಟು ಮೆತ್ತಗೆ ಹೇಳ್ತೀಯಾ? ನಾನು ಹತ್ತು ವರ್ಷದಿಂದ ಮಾತ್ರೆ ನುಂಗ್ತಿಲ್ವ?” ಎಂದರು. ಕುರ್ಚಿಯಲ್ಲಿ ಕುಳಿತಿದ್ದ ನಮ್ಮಮ್ಮ ತೀರ್ಪು ಕೊಟ್ಟಳು: “ಮಡಿಲು ತುಂಬಿ ಅಂತ ಶಾಸ್ತ್ರ. ಬಾಯಿ ತುಂಬಿ ಅಂತ ಅಲ್ಲ. ಎಲ್ಲಾ ಮಡಿಲಿಗೆ ಹಾಕಿ. ಅವಳಿಗೆ ಯಾವಾಗ ಬೇಕೋ ಆವಾಗ, ಬೇಕಾದಷ್ಟು ತಿಂತಾಳೆ.” ನಲವತ್ತು ಮಂದಿಯೂ ಮಡಿಲಿಗೇ ಹಾಕಿದರು. ಶಾಸ್ತ್ರಕ್ಕೆ ಚ್ಯುತಿ ಬರಲಿಲ್ಲ, ಹುಡುಗಿಗೆ ಆಯಾಸವೂ ಆಗಲಿಲ್ಲ. ಅವಳು ತಿಂದದ್ದು ಒಂದು ಗಿಳಿ.

ಊಟ, ನಡಿಗೆಯಲ್ಲೇ ಅವಳ ಸಕ್ಕರೆ ಹತೋಟಿಗೆ ಬಂತು, ಇನ್ಸುಲಿನ್ ಬೇಕಾಗಲಿಲ್ಲ. ಬೇಕಾಗಿದ್ದರೂ ಅದರಲ್ಲಿ ನಾಚಿಕೆಯೇನಿಲ್ಲ. ಹೆರಿಗೆ ಸುಸೂತ್ರವಾಯಿತು. ಆರು ವಾರದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದ್ದೂ ಆಯಿತು. ಈ ಕಾಯಿಲೆ ಬಂದುಹೋದವರಿಗೆ ಮುಂದೆ ಮಧುಮೇಹ ಬರುವ ಸಂಭವ ಹೆಚ್ಚಾದ್ದರಿಂದ ಆ ತಪಾಸಣೆಯನ್ನು ಬಿಡಬಾರದು.

ಈಗ ಅಂಗನವಾಡಿಗಳಲ್ಲಿಯೂ ಸೀಮಂತ ಮಾಡುತ್ತಾರೆ. ಅಲ್ಲಿನ ತಟ್ಟೆಯಲ್ಲಿ ಸೊಪ್ಪು, ಮೊಳಕೆಕಾಳು, ಹಣ್ಣು, ಕಡಲೆಕಾಯಿ ಇಟ್ಟಿರುತ್ತಾರೆ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯೂ ಬಸುರಿ, ಬಾಣಂತಿಯರಿಗೆ ಬಿಸಿಯೂಟದ ಜೊತೆ ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ ಇಟ್ಟುಕೊಂಡೇ ಹೊರಟಿದ್ದು. ಬಡವರ ತಟ್ಟೆ ಎಂದು ಮೂಗು ಮುರಿಯುವ ಮೊದಲು, ನಮ್ಮ ಇಪ್ಪತ್ತೊಂದು ತಟ್ಟೆಗಳಲ್ಲಿ ಬಸುರಿಗೆ ಬೇಕಾದದ್ದು ಎಷ್ಟಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಪರೀಕ್ಷೆಯ ವರ್ಷ ಹುಡುಗನನ್ನು ಅಡುಗೆಮನೆಗೆ ಬಿಟ್ಟಿರಾ ಎಂದು ಕೇಳಿದವರಿದ್ದಾರೆ. ಒಂದು ಸಂಜೆಯಲ್ಲಿ ಅವನು ಹಿಟ್ಟಿನ ಗುಣ ಕಲಿತ, ಸೋಡಾದ ಗುಣ ಕಲಿತ, ಅಕ್ಕನ ಕಷ್ಟ ತಿಳಿದ. ಹೆಣ್ಣುಮಕ್ಕಳ ಮಾತು ನಿನಗೇಕೆ ಎಂದು ಅವನನ್ನು ಹೊರಗೆ ಕಳಿಸಿದ್ದರೆ ಆ ಇನ್ನೂರು ಗ್ರಾಂ ಲೆಕ್ಕ ಹೇಳುವವರು ನಮ್ಮ ಮನೆಯಲ್ಲಿ ಯಾರಿದ್ದರು?

ಬಯಕೆ ಎಂಬುದು ಬಸುರಿಯದು, ಬಂದವರದಲ್ಲ. ಮುಂದಿನ ಸಲ ಸೀಮಂತಕ್ಕೆ ಹೋದಾಗ ಲಾಡು ಹಿಡಿದ ಕೈ ಮುಂದೆ ಚಾಚುವ ಮೊದಲು, “ನಿನಗೇನು ಬೇಕಮ್ಮ?” ಎಂದು ಒಂದು ಮಾತು ಕೇಳಿ.