ತಟ್ಟೆಗೆ ಹೊರಟ ಭಾನುವಾರಗಳು

ಹಳೆಯ ಗ್ರಾಮಫೋನ್ ತಟ್ಟೆ ಕೊಳ್ಳುವುದೂ ಒಂದೇ, ರೇಷ್ಮೆ ಸೀರೆ ಕೊಳ್ಳುವುದೂ ಒಂದೇ. ಬೆಳಕಿಗೆ ಹಿಡಿದು ನೋಡದೆ ದುಡ್ಡು ಕೊಡಬಾರದು. ಈ ವಿದ್ಯೆ ನನಗೆ ಬಂದದ್ದು ನಮ್ಮ ಅತ್ತೆಯವರ ದೆಸೆಯಿಂದ.

ನಮ್ಮದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ಬೆಳಗಾದರೆ ಕಲ್ಲಿನ ಮೇಲೆ ಉಳಿಯ ಸದ್ದು. ಹಿಂದೆಲ್ಲ ಸಂಜೆ ಉಳಿ ಕೆಳಗಿಟ್ಟ ಮೇಲೆ ಮಾವನವರು ಗ್ರಾಮಫೋನಿಗೆ ಕೀಲಿ ಕೊಟ್ಟು ಚೌಡಯ್ಯನವರ ಪಿಟೀಲು ಹಾಕುತ್ತಿದ್ದರಂತೆ. ಅವರು ಹೋದಮೇಲೆ ಪೆಟ್ಟಿಗೆ ಉಳಿಯಿತು, ತಟ್ಟೆಗಳು ಒಂದೊಂದಾಗಿ ಒಡೆದುಹೋದವು. ಹೋದ ವರ್ಷ ಡಾಕ್ಟರು ಅತ್ತೆಯವರ ಕಿವಿ ದಿನೇ ದಿನೇ ಮಂದವಾಗುತ್ತಿದೆ ಎಂದರು.

“ಪೂರ್ತಿ ಹೋಗೋದ್ರೊಳಗೆ ಆ ಪಿಟೀಲು ಒಂದ್ಸಲ ಕೇಳಿಸಮ್ಮ” ಎಂದರು ಅತ್ತೆ. ಮೊಬೈಲಿನಲ್ಲಿ ಹಾಕಿ ಕೊಟ್ಟೆ. “ಸೊಳ್ಳೆ ಗುಂಯ್ ಅಂದಂಗೈತೆ” ಎಂದು ಪಕ್ಕಕ್ಕಿಟ್ಟರು.

ಸರಿ, ಮಾಲೂರಿನಿಂದ ರೈಲು ಹತ್ತಿ ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರಿಗೆ ಹೊರಟೆ. ಹಳೆಯ ಬೀಗ, ಗಡಿಯಾರಗಳ ನಡುವೆ ತಟ್ಟೆಗಳ ರಾಶಿ. ಎಲ್ಲ ಕಪ್ಪು, ಎಲ್ಲ ದುಂಡು. ಆದರೆ ಜಾತಿ ಬೇರೆ. 1948ರಲ್ಲಿ ಅಮೆರಿಕದಲ್ಲಿ ಹೊರಬಂದ ಎಲ್.ಪಿ. ವಿನೈಲ್‌ನದು, ಹಗುರ, ಬಾಗುತ್ತದೆ, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಾಡುತ್ತದೆ. ಅದಕ್ಕೂ ಹಿಂದಿನದು ನಿಮಿಷಕ್ಕೆ 78 ಸುತ್ತಿನ ತಟ್ಟೆ. ಮೂರು ನಿಮಿಷಕ್ಕೆ ಮುಗಿಯಿತು. ನಮ್ಮ ಬಳೆಗೆ ಹಾಕುವ ಅರಗಿಗೇ ಕಲ್ಲಿನ ಪುಡಿ ಬೆರೆಸಿ ಮಾಡಿದ್ದು. ಕೈಜಾರಿದರೆ ಹಪ್ಪಳ! ಕೀಲಿ ಕೊಡುವ ಪೆಟ್ಟಿಗೆಗೆ ಇದೇ ಆಗಬೇಕು. ಅದರ ಉಕ್ಕಿನ ಮುಳ್ಳಿನಡಿ ಎಲ್.ಪಿ. ಇಟ್ಟರೆ ಗೆರೆಯೆಲ್ಲ ಕಿತ್ತುಹೋಗುತ್ತದೆ.

ಎರಡು ಭಾನುವಾರ ಬರಿಗೈ. ಮೂರನೆಯ ಭಾನುವಾರ ಚೌಡಯ್ಯನವರದೊಂದು 78 ಸಿಕ್ಕಿತು. ಬಿಸಿಲಿಗೆ ಓರೆಯಾಗಿ ಹಿಡಿದೆ. ಗೆರೆಗಳು ಸವೆದು ಬೂದುಬಣ್ಣಕ್ಕೆ ತಿರುಗಿರಲಿಲ್ಲ. ಕಲ್ಲು ಆರಿಸುವಾಗ ನಮ್ಮ ಮನೆಯವರು ತಟ್ಟಿ ನಾದ ನೋಡುವಂತೆ ಬೆರಳಿನಿಂದ ಅಂಚು ತಟ್ಟಿದೆ. ಬಿರುಕಿದ್ದರೆ ಒಡಕು ಸದ್ದು ಬರಬೇಕು, ಬರಲಿಲ್ಲ. ಎಂಟುನೂರು ಹೇಳಿದವನು ಐನೂರಕ್ಕೆ ಒಪ್ಪಿದ. ಎರಡು ರಟ್ಟಿನ ನಡುವೆ ಕಟ್ಟಿ, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ತಂದೆ.

ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ. ಸ್ಪಿರಿಟ್ ಮಾತ್ರ ಸೋಕಿಸಬಾರದು, ಅರಗು ಕರಗುತ್ತದೆ. ಹೊಸ ಮುಳ್ಳು ಹಾಕಿ ಕೀಲಿ ಕೊಟ್ಟೆ. ಮೈಕಿಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ಕೇಳಲೆಂದು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದವರು. ನಮ್ಮತ್ತೆ ಈಗ ಆ ಕೊನೆಯ ಸಾಲಿನವರು. ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದರು. ಕಿವಿಗೆಷ್ಟು ಬಿತ್ತೋ, ಅಂಗೈಗೆಷ್ಟು ಬಿತ್ತೋ, ನಾನು ಕೇಳಲಿಲ್ಲ. ತೊಡೆಯ ಮೇಲೆ ಇನ್ನೊಂದು ಕೈ ಮಾತ್ರ ತಪ್ಪದೆ ತಾಳ ಹಾಕುತ್ತಿತ್ತು.

“ಇನ್ನೊಂದ್ಸಲ ಹಾಕಮ್ಮ.”

ಒಂದು ಮುಳ್ಳು ಒಂದು ಮಗ್ಗುಲಿಗೆ ಮಾತ್ರ. ಮತ್ತೆ ಅದನ್ನೇ ಬಳಸಿದರೆ ತಟ್ಟೆ ಸವೆಯುತ್ತದೆ. ಸಂಜೆಯೊಳಗೆ ಡಬ್ಬಿಯ ಮುಳ್ಳೆಲ್ಲ ಖಾಲಿ. ಬರುವ ಭಾನುವಾರ ಮತ್ತೆ ಚಿಕ್ಕಪೇಟೆ.