ಗಾಣದೆಣ್ಣೆಯೂ ಹಸಿರು ಗುಳಿಗೆಯೂ

ತ್ವಚೆಯ ಕಾಂತಿಗಾಗಿ ಮನುಷ್ಯನು ಕೈಗೊಳ್ಳದ ಸಾಹಸವಿಲ್ಲ. ಅವುಗಳಲ್ಲಿ ತೀರ ಈಚಿನದು, ದಾವಣಗೆರೆಯ ಔಷಧದಂಗಡಿಯಿಂದ ತಂದ 'ಇ' ಜೀವಸತ್ವದ ಹಸಿರು ಗುಳಿಗೆಯನ್ನು ಸೂಜಿಯಿಂದ ಚುಚ್ಚಿ, ಒಳಗಣ ಮಂದವಾದ ಎಣ್ಣೆಯನ್ನು ಕೆನ್ನೆಗೆ ಸವರಿಕೊಳ್ಳುವುದು. ನಮ್ಮ ಮನೆಯ ತರುಣಿಯರು ಕನ್ನಡಿಯ ಮುಂದೆ ಈ ವಿಧಿಯನ್ನು ನೆರವೇರಿಸುವ ಶ್ರದ್ಧೆಯು, ಲೋಕಿಕೆರೆಯೆಂಬ ಊರಿನಲ್ಲಿ ನರಕ ಚತುರ್ದಶಿಯ ನಸುಕಿನಲ್ಲಿ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂಡ್ರಿಸಿ ನೆತ್ತಿಗೆ ಎಳ್ಳಿನ ಒಳ್ಳೆಣ್ಣೆ ತಟ್ಟುತ್ತಿದ್ದ ನನ್ನ ಅಜ್ಜಿಯ ಶ್ರದ್ಧೆಗೆ ಏನೇನೂ ಕಡಿಮೆಯದಲ್ಲ. ಆಕೆಯ ಅಂಗೈ ಒರಟು; ಬೆನ್ನ ಮೇಲೆ ಅದು ಹಾಯ್ದಾಗ ಚರ್ಮವೇ ಸುಲಿದಂತಾಗುತ್ತಿತ್ತು. "ಸುಮ್ನೆ ಕೂಡ್ರೋ ತಮ್ಮಾ, ಎಣ್ಣಿ ಇಳೀಬೇಕು" ಎಂಬುದೇ ಆಕೆ ಬಲ್ಲ ಶರೀರಶಾಸ್ತ್ರ. ವಾಗ್ಭಟನು 'ಅಷ್ಟಾಂಗಹೃದಯ'ದಲ್ಲಿ ನಿತ್ಯಾಭ್ಯಂಗವನ್ನು ವಿಧಿಸಿ, ತಲೆ, ಕಿವಿ, ಪಾದಗಳನ್ನು ವಿಶೇಷವಾಗಿ ಹೆಸರಿಸಿರುವುದು ಆಕೆಗೆ ತಿಳಿದಿರಲಿಲ್ಲ. ಆದರೂ ಆ ಮೂರನ್ನೂ ಆಕೆ ಎಂದೂ ಬಿಟ್ಟವಳಲ್ಲ.

ವಿಜ್ಞಾನವು ಈ ಸತ್ವವನ್ನು ಕಂಡುಕೊಂಡಾಗ ಅದರ ಮನಸ್ಸಿನಲ್ಲಿ ತ್ವಚೆಯ ಚಿಂತೆಯೇ ಇರಲಿಲ್ಲ. 1922ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಎಂಬಿಬ್ಬರು, ಗರ್ಭ ಧರಿಸಿಯೂ ಮರಿ ಹಾಕಲಾರದ ಇಲಿಗಳ ಆಹಾರದಲ್ಲಿನ ಕೊರತೆಯನ್ನು ಅರಸುತ್ತ ಇದರ ಸುಳಿವು ಹಿಡಿದರು. 1936ರಲ್ಲಿ ಗೋಧಿಮೊಳಕೆಯ ಎಣ್ಣೆಯಿಂದ ಅದು ಶುದ್ಧರೂಪದಲ್ಲಿ ದೊರೆಯಿತು. ಒಂದೇ ಹೆಸರಿನಡಿಯಲ್ಲಿ ಎಂಟು ಸಂಯುಕ್ತಗಳಿರುವುದಾಗಿಯೂ, ಅವುಗಳಲ್ಲಿ ನಮ್ಮ ದೇಹವು ಆಲ್ಫಾ ಟೋಕೋಫೆರಾಲನ್ನೇ ಆರಿಸಿ ಉಳಿಸಿಕೊಳ್ಳುವುದಾಗಿಯೂ ಮುಂದೆ ತಿಳಿದುಬಂದಿತು.

ಬೀಜವು ಈ ಸತ್ವವನ್ನು ಕೂಡಿಟ್ಟುಕೊಳ್ಳುವುದು ನಮ್ಮ ಕೆನ್ನೆಗಾಗಿ ಅಲ್ಲ, ಮೊಳಕೆಯೊಡೆಯುವ ತನಕ ತನ್ನೊಳಗಣ ಎಣ್ಣೆಯು ಕಮಟಾಗದಿರಲೆಂದು. ಬಿಸಿಲು, ಗಾಳಿಗಳ ದೆಸೆಯಿಂದ ಸ್ನೇಹದ್ರವ್ಯವು ಕೆಡತೊಡಗಿದಾಗ ಈ ಸತ್ವವು ತನ್ನದೊಂದು ಜಲಜನಕದ ಪರಮಾಣುವನ್ನು ತೆತ್ತು ಕೇಡಿನ ಸರಪಳಿಯನ್ನು ಕಡಿಯುತ್ತದೆ. ಹೀಗೆ ಸವೆದ ಅದಕ್ಕೆ 'ಸಿ' ಜೀವಸತ್ವವು ಮತ್ತೆ ಚೈತನ್ಯವೀಯುತ್ತದೆ. ಇದೇ ಕಾರ್ಯವು ನಮ್ಮ ಚರ್ಮದಲ್ಲಿಯೂ ನಡೆಯುತ್ತದೆ: ಮುಖದ ಸ್ನಿಗ್ಧಗ್ರಂಥಿಗಳು ಸ್ರವಿಸುವ ಜಿಡ್ಡೇ ರಕ್ತದಲ್ಲಿನ ಈ ಸತ್ವವನ್ನು ಹೊರಮೈಗೆ ತಂದು ಹರಡುವುದರಿಂದ, ಉಂಡವನ ಕೆನ್ನೆಗೆ ಅದು ಒಳಗಿನಿಂದಲೇ ಲೇಪನವಾಗುತ್ತದೆ. ಹೊರಗಿನ ಲೇಪನಕ್ಕೆ ಇಂಥ ಭರವಸೆಯಿಲ್ಲ. 1999ರಲ್ಲಿ ಮಯಾಮಿಯ ವೈದ್ಯರು ಶಸ್ತ್ರಕ್ರಿಯೆಯ ಗಾಯದ ಕಲೆಗೆ ಇದನ್ನು ಹಚ್ಚಿಸಿ ನೋಡಿದಾಗ ಕಲೆಯೇನೋ ಮಾಯಲಿಲ್ಲ. ಹಚ್ಚಿಸಿಕೊಂಡವರಲ್ಲಿ ಮೂರರಲ್ಲೊಂದು ಪಾಲು ಜನರಿಗೆ ಚರ್ಮದ ಉರಿಯೂತವು ಮಾತ್ರ ಲಭಿಸಿತು.

ಇನ್ನೊಂದು ವಿನೋದವಿದೆ. ಕಾರ್ಖಾನೆಯಲ್ಲಿ ಎಣ್ಣೆಯ ವಾಸನೆ ಕಳೆಯಲೆಂದು 200 ಡಿಗ್ರಿಗೂ ಮೀರಿದ ಶಾಖದಲ್ಲಿ ಹಬೆ ಹಾಯಿಸುವಾಗ, ಆ ಹಬೆಯೊಡನೆ ಟೋಕೋಫೆರಾಲಿನ ಒಂದಂಶವೂ ಹೊರಟುಹೋಗುತ್ತದೆ. ಹಾಗೆ ಹೋದದ್ದನ್ನು ಹಿಡಿದು ಶೋಧಿಸಿ, ಸಹಜ ಜೀವಸತ್ವದ ಗುಳಿಗೆಯಾಗಿ ಮಾರುವುದುಂಟು. ಊರ ಗಾಣ ನಿಂತ ಮೇಲೆ ನಾವು ಎಣ್ಣೆಗೊಮ್ಮೆ, ಅದರ ಸತ್ವಕ್ಕೊಮ್ಮೆ ಬೆಲೆ ತೆರುವವರಾದೆವು.

ಆದುದರಿಂದ ಅಜ್ಜಿಯ ಅಭ್ಯಂಜನವನ್ನು ಚರ್ಮದ ಔಷಧವೆಂದು ನಾನು ವಾದಿಸಲಾರೆ; ಎಳ್ಳಿನಲ್ಲಿ ಆಲ್ಫಾಕ್ಕಿಂತ ಗಾಮಾ ಜಾತಿಯ ಟೋಕೋಫೆರಾಲೇ ಅಧಿಕ. ಆಕೆಯ ನಿಜವಾದ ಔಷಧಶಾಲೆಯಿದ್ದುದು ಅಡುಗೆಮನೆಯಲ್ಲಿ: ಆಲ್ಫಾ ಸಮೃದ್ಧವಾದ ಕುಸುಬೆ ಎಣ್ಣೆ, ರೊಟ್ಟಿಗೆ ಶೇಂಗಾಚಟ್ನಿ, ಸಂಜೆಗೆ ಹಸಿ ಶೇಂಗಾ ಎಣ್ಣೆ ಹಾಕಿ ಕಲಸಿದ ಖಾರಮಂಡಕ್ಕಿ. ಸೌಂದರ್ಯವರ್ಧನೆಗೆಂದು ಮಂಡಕ್ಕಿ ತಿಂದವರನ್ನು ದಾವಣಗೆರೆಯಲ್ಲಿ ನಾನು ಈವರೆಗೆ ಕಂಡಿಲ್ಲವಾದರೂ, ತಿನ್ನುವುದಕ್ಕೆ ಆ ನೆಪವೂ ಒಂದಿರಲಿ.