ಕೇಳಿಸದ ಡ್ರಮ್

ಲಾಗ್‌ನಲ್ಲಿ ಇಲ್ಲದ್ದು ನಡೆದೇ ಇಲ್ಲ ಅನ್ನೋದು ನಮ್ಮ ಸಾಫ್ಟ್‌ವೇರ್ ಮಂದಿಯ ವೇದವಾಕ್ಯ. ಬೇಬಿ ಡಾಡ್ಸ್ ವಿಷಯದಲ್ಲಿ ಮಾತ್ರ ಅದು ನಡೆಯೋಲ್ಲ.

ಈತ ನ್ಯೂ ಆರ್ಲಿಯನ್ಸ್‌ನ ಡ್ರಮ್ಮರ್. ಅಣ್ಣ ಜಾನಿ ಕ್ಲಾರಿನೆಟ್ ನುಡಿಸುತ್ತಿದ್ದ. 1923ರಲ್ಲಿ ಇಬ್ಬರೂ ಕಿಂಗ್ ಆಲಿವರ್ ತಂಡದ ಜೊತೆ ಇಂಡಿಯಾನಾದ ರಿಚ್ಮಂಡ್‌ಗೆ ರೆಕಾರ್ಡಿಂಗಿಗೆ ಹೋದರು. ತಂಡದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ ಇದ್ದ. ಅಲ್ಲಿ ಮೈಕ್ ಇರಲಿಲ್ಲ. ದೊಡ್ಡದೊಂದು ಕೊಳವೆಯ ಮುಂದೆ ನಿಂತು ನುಡಿಸಬೇಕು, ಆ ಅದುರಿಗೆ ಸೂಜಿ ಮೇಣದ ಮೇಲೆ ಗೆರೆ ಕೊರೆಯುತ್ತೆ. ಬಾಸ್ ಡ್ರಮ್ ಬಡಿದರೆ ಸೂಜಿ ಎಗರುವ ಭಯ! ಹಾಗಾಗಿ ಡಾಡ್ಸ್ ಮರದ ತುಂಡು ಕುಟ್ಟಿಕೊಂಡೇ ತಾಳ ಹಾಕಬೇಕಾಯ್ತು. 'ಡಿಪ್ಪರ್‌ಮೌತ್ ಬ್ಲೂಸ್' ಕೇಳಿ ನೋಡಿ, ಬರೀ ಟಿಕ್ ಟಿಕ್..

ಆದರೆ ಶಿಕಾಗೋದ ಲಿಂಕನ್ ಗಾರ್ಡನ್ಸ್‌ನಲ್ಲಿ ರಾತ್ರಿಯೆಲ್ಲ ಕುಣಿದವರು ಕೇಳಿದ್ದು ಪೂರ್ತಿ ಡ್ರಮ್. ಮುಂದೆ ಭಾರೀ ಹೆಸರು ಮಾಡಿದ ಜೀನ್ ಕ್ರೂಪಾ ಕೂಡ ಇವನನ್ನು ಶಿಕಾಗೋದಲ್ಲಿ ಎದುರಿಗೇ ಕೇಳಿ ಕಲಿತವನು.

1946ರಲ್ಲಿ ಕೊನೆಗೂ ಡಾಡ್ಸ್ ಒಬ್ಬನೇ ನುಡಿಸಿದ್ದು ರೆಕಾರ್ಡ್ ಆಯಿತು, ಮಧ್ಯೆ ಮಧ್ಯೆ ಅವನ ಮಾತೂ ಇದೆ. ಅಷ್ಟರಲ್ಲಿ ಅಣ್ಣ ಜಾನಿ ತೀರಿಕೊಂಡು ಆರು ವರ್ಷ ಆಗಿತ್ತು. 1959ರಲ್ಲಿ ಡಾಡ್ಸ್ ಕೂಡ ಹೋದ.

ಮೊದಲು ಆ ಸೋಲೋ ಕೇಳಿ. ಆಮೇಲೆ 1923ರದ್ದು ಹಾಕಿ. ಟಿಕ್ ಟಿಕ್ ಹಿಂದೆ ಏನೇನು ಬಿಟ್ಟುಹೋಗಿದೆ ಅಂತ ನಿಮಗೇ ಗೊತ್ತಾಗುತ್ತೆ.